ಪಕ್ಕದ ಜಾಗ

ಕ್ಲಾರೆನ್ಸ್‌ಗೆ ಬೇಕಿದ್ದದ್ದು ಒಂದೇ ಒಂದು ವಾಕ್ಯ. ಸತ್ತವರನ್ನು ಮಣ್ಣಿನಲ್ಲೇ, ಅದೂ ಅವರವರ ಮನೆಯವರ ಪಕ್ಕದಲ್ಲೇ ಇಡಬೇಕು ಎಂದು ಎರಡನೆಯ ಅರ್ಥಕ್ಕೆ ಎಡೆಯಿಲ್ಲದ ಹಾಗೆ ಹೇಳುವ ವಾಕ್ಯ. ಅಷ್ಟು ದಪ್ಪದ ಪವಿತ್ರ ಗ್ರಂಥದಲ್ಲಿ, ಯಾವ ಮೀನು ತಿನ್ನಬಹುದು, ಗಡ್ಡದ ಅಂಚನ್ನು ಏನು ಮಾಡಬಾರದು ಎಂಬುದಕ್ಕೆಲ್ಲ ಜಾಗವಿರುವಾಗ ಇದೊಂದು ಇಲ್ಲದೆ ಹೋಗುತ್ತದೆಯೇ ಎಂದು ಅವನು ನಂಬಿದ್ದ. ಸಿಟೌಟಿನ ಕುರ್ಚಿಯಲ್ಲಿ ಕೂತು, ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಬಸ್ಸಿನ ಹಳೆಯ ಟಿಕೇಟುಗಳನ್ನು ಹಾಳೆಗಳ ನಡುವೆ ಗುರುತಿಗೆ ಸಿಕ್ಕಿಸುತ್ತ ಬೆಳಗಿನಿಂದ ಹುಡುಕುತ್ತಿದ್ದ. ಒಳಗೆ ರೋಸಿ ಬೂತಾಯಿ ಮೀನು ಶುಚಿ ಮಾಡುತ್ತಿದ್ದಳು. ಗಂಡ ಹುಡುಕುತ್ತಿರುವುದು ಏನೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಅವಳು ಸುಮ್ಮನಿರುವುದೇ ಅವನನ್ನು ಹೆಚ್ಚು ಕೆಣಕುತ್ತಿತ್ತು. ಈ ಮನೆಯಲ್ಲಿ ಗ್ರಂಥ ಓದುವವಳು ಅವಳು. ಪ್ರತಿ ಗುರುವಾರ ಸಂಜೆ ವಾರ್ಡಿನ ಒಂದೊಂದು ಮನೆಯಲ್ಲಿ ಸೇರುವ ಅಧ್ಯಯನ ಕೂಟವನ್ನು ನಡೆಸುವವಳೂ ಅವಳೇ. ಅವನದ್ದೇನಿದ್ದರೂ ಕುರ್ಚಿ ಜೋಡಿಸುವ, ಫ್ಯಾನಿನ ಸ್ವಿಚ್ಚು ಹುಡುಕುವ, ಬಾಗಿಲ ಬಳಿ ಕೂತು ಕೊನೆಯ ಪ್ರಾರ್ಥನೆಗೆ ಎದ್ದು ನಿಲ್ಲುವ ಕೆಲಸ.

ಹೋದ ಭಾನುವಾರ ಡಿಂಪಲ್ ಊಟಕ್ಕೆ ಬಂದಿದ್ದಳು. ಕಾರ್ಕಳದಲ್ಲಿರುವ ರೋಸಿಯ ತಮ್ಮನ ಮಗಳು. ಮಣಿಪಾಲದಲ್ಲಿ ಡಾಕ್ಟರಿಕೆಯ ಮೊದಲ ವರ್ಷ ಓದುತ್ತಿದ್ದಾಳೆ. ಕೋಳಿ ಸಾರಿನಲ್ಲಿ ರೊಟ್ಟಿ ನೆನೆಸುತ್ತ ಅವಳು, ಮೊದಲ ದಿನ ತಾವೆಲ್ಲ ಒಂದು ಶವದ ಸುತ್ತ ನಿಂತು ಕೈಮುಗಿದದ್ದನ್ನು ಹೇಳಿದಳು. ಅದು ಯಾರೋ ಅಜ್ಜಿಯದಂತೆ. "ಅವರನ್ನು ನಾವು ನಮ್ಮ ಮೊದಲನೇ ಟೀಚರ್ ಅಂತ ಹೇಳುವುದು ಆಂಟಿ" ಎಂದಳು. ಊಟದ ಹೊತ್ತಿನಲ್ಲಿ ಇದೆಂಥ ಮಾತು ಎಂದು ಕ್ಲಾರೆನ್ಸ್ ಮುಖ ಸಿಂಡರಿಸಿದ್ದ. ರೋಸಿ ಮಾತ್ರ ಎಂಜಲು ಕೈ ಒಣಗುವವರೆಗೆ ಕೇಳುತ್ತ ಕೂತಿದ್ದಳು. ಹುಡುಗಿ ಹೋದ ಮೇಲೆ ಪಾತ್ರೆ ಒರೆಸುತ್ತ ಅವನಿಗೆ ಬೆನ್ನು ಹಾಕಿಯೇ ಹೇಳಿದಳು: "ನಾನು ಸತ್ತ ಮೇಲೆ ನನ್ನ ದೇಹವನ್ನು ಆ ಮಕ್ಕಳಿಗೆ ಕೊಡಬೇಕು ಅಂತ ಉಂಟು."

"ಎಂತ ಮಾತು ನಿನ್ನದು."

"ಯೋಚನೆ ಮಾಡಿಯೇ ಹೇಳುವುದು. ಚಿಕ್ಕಂದಿನಿಂದ ಪ್ರತಿ ಪೂಜೆಯಲ್ಲಿ ಕೇಳ್ತಾ ಬಂದಿದ್ದೇನೆ, ಪ್ರಭು ತನ್ನ ದೇಹವನ್ನು ರೊಟ್ಟಿಯ ಹಾಗೆ ಮುರಿದು ಎಲ್ಲರಿಗೂ ಕೊಟ್ಟ ಅಂತ. ಕೇಳಿದ್ದೇನೆ, ತಿಂದಿದ್ದೇನೆ, ಮನೆಗೆ ಬಂದು ಮೀನು ಸಾರು ಮಾಡಿದ್ದೇನೆ. ಕೊಡಲಿಕ್ಕೆ ನನಗೂ ಒಂದು ದೇಹ ಉಂಟಲ್ವಾ ಅಂತ ಈಗ ಹೊಳೆಯಿತು." ಆಮೇಲೆ ತಿರುಗಿ ನೋಡಿ, "ನೀವು ಒಪ್ಪಬೇಕು. ಫೋನು ಮಾಡಿ ಅವರನ್ನು ಕರೆಸುವವರು ನೀವೇ ಅಲ್ವಾ" ಎಂದಿದ್ದಳು.

ಅವಳೇ ಮೊದಲು ಹೋಗುವುದೆಂದು ಅಷ್ಟು ಖಚಿತವಾಗಿ ಹೇಳಿದ್ದು ಅವನಿಗೆ ಆಗ ತಟ್ಟಲಿಲ್ಲ. ತಟ್ಟಿದ್ದು ಇಗರ್ಜಿಯ ಹಿಂದಿನ ಆ ಕಲ್ಲು. ಬಹರೈನಿನಿಂದ ಪೂರ್ತಿಯಾಗಿ ಊರಿಗೆ ಬಂದ ವರ್ಷ ಅವನು ಮಾಡಿದ ಮೊದಲ ಕೆಲಸವೆಂದರೆ ಅಪ್ಪ ಅಮ್ಮನ ಸಮಾಧಿಯ ಸಾಲಿನಲ್ಲಿ ಇಬ್ಬರಿಗೆ ಜಾಗ ಮಾಡಿಸಿ, ಕಾರ್ಕಳದ ಕಪ್ಪು ಕಲ್ಲು ಹಾಸಿ, ತನ್ನ ಹೆಸರನ್ನೂ ರೋಸಿಯ ಹೆಸರನ್ನೂ ಕೆತ್ತಿಸಿದ್ದು. ಬದುಕಿರುವವರು ಯಾರಾದರೂ ಹೀಗೆ ಮಾಡುತ್ತಾರೆಯೇ ಎಂದು ಊರವರು ನಕ್ಕಿದ್ದರು. ನಗಲಿ. ಎಷ್ಟೋ ಸೆಕೆಯ ಮಧ್ಯಾಹ್ನಗಳಲ್ಲಿ, ಬಹರೈನಿನ ಗೋದಾಮಿನ ತಗಡಿನ ಮಾಡಿನ ಕೆಳಗೆ, ಏರ್ ಕಂಡೀಷನರುಗಳ ಬಿಡಿಭಾಗ ಎಣಿಸುತ್ತ ಅವನು ತನ್ನನ್ನು ಸಮಾಧಾನಪಡಿಸಿಕೊಂಡದ್ದು ಅಂಥದೊಂದು ಜಾಗದ ಕನಸಿನಿಂದಲೇ. ಎರಡು ವರ್ಷಕ್ಕೊಮ್ಮೆ ಒಂದು ತಿಂಗಳು; ಆ ತಿಂಗಳಲ್ಲೂ ಮೊದಲ ವಾರ ಅವನ ಗುರುತು ಹತ್ತದೆ ಮಗಳು ಸೋನಿಯಾ ತಾಯಿಯ ಹಿಂದೆ ಅಡಗುವಳು, ಕೊನೆಯ ವಾರ ಅವನು ಹೊರಡುತ್ತಾನೆಂದು ರೋಸಿ ಮಾತು ಕಡಿಮೆ ಮಾಡುವಳು. ಒಂದು ದಿನ ಯಾವ ವೀಸಾದ ಹಂಗೂ ಇಲ್ಲದೆ, ಯಾರೂ ಎಬ್ಬಿಸದ ಹಾಗೆ ಒಬ್ಬರ ಪಕ್ಕ ಒಬ್ಬರು ಇರುತ್ತೇವೆ ಎಂದು ಅವನು ಅಂದುಕೊಂಡಿದ್ದ. ಈಗ ಸೋನಿಯಾಗೆ ಉಡುಪಿಗೆ ಫೋನು ಮಾಡಿ ದೂರಿದರೆ, "ಅದು ಅಮ್ಮನ ಇಷ್ಟ ಅಲ್ವಾ ಪಪ್ಪಾ" ಎನ್ನುತ್ತಾಳೆ.

ಹುಡುಕಿದಾಗ ಸಿಕ್ಕಿದ್ದೇನೂ ಕಡಿಮೆಯಲ್ಲ. ಎಲ್ಲರಿಗೂ ಮೂಲಪುರುಷನಾದವನು ಹೆಂಡತಿ ಸತ್ತಾಗ ಪರದೇಶದಲ್ಲಿ ಅಲ್ಲಿನವರ ಎದುರು ತಲೆಬಾಗಿ ಬೇಡಿ, ಪೂರ್ತಿ ಬೆಲೆ ಕೊಟ್ಟು ಒಂದು ಗುಹೆಯನ್ನು ಕೊಂಡದ್ದು ಸಿಕ್ಕಿತು. ಇದನ್ನು ಓದುವಾಗ ಕ್ಲಾರೆನ್ಸ್‌ನ ಕಣ್ಣು ಒದ್ದೆಯಾಗಿತ್ತು. ಪರದೇಶವೆಂದರೆ ಏನೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಇನ್ನೊಬ್ಬ, ತಾನು ಸತ್ತ ಮೇಲೆ ತನ್ನ ಮೂಳೆಗಳನ್ನು ಊರಿಗೆ ಹೊತ್ತು ತರಬೇಕೆಂದು ತನ್ನವರಿಂದ ಆಣೆ ಹಾಕಿಸಿಕೊಂಡಿದ್ದ. ಆದರೆ ಇವೆಲ್ಲ ಅವರವರು ಮಾಡಿದ್ದು. ನೀನೂ ಮಾಡು ಎಂದು ಎಲ್ಲಿಯೂ ಇರಲಿಲ್ಲ. ಅದಲ್ಲದೆ, ಅಪ್ಪನನ್ನು ಮಣ್ಣು ಮಾಡಿ ಬರುತ್ತೇನೆ ಎಂದವನಿಗೆ, ಸತ್ತವರ ಕೆಲಸವನ್ನು ಸತ್ತವರಿಗೆ ಬಿಡು ಎಂದು ಪ್ರಭು ಹೇಳಿದ ಮಾತು ಎದುರಾದಾಗ ಅವನು ಪುಸ್ತಕ ಮುಚ್ಚಿ, ನಳ್ಳಿಯ ವಾಷರ್ ತರುತ್ತೇನೆಂದು ಹೇಳಿ ಕಾಪುವಿನ ಬಸ್ಸು ಹಿಡಿದ.

ವಾಷರ್ ತರಬೇಕಾದದ್ದು ನಿಜವೇ. ಕಾಪು ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ವಿಠಲ ಅವನ ಶಾಲೆಯ ಗೆಳೆಯ. ಇಬ್ಬರೂ ತುಳುವಿನಲ್ಲಿ ಮಾತಾಡುವವರು. ಗಿರಾಕಿಗಳು ಕಡಿಮೆಯಾಗುವ ಹೊತ್ತು ನೋಡಿ ಕ್ಲಾರೆನ್ಸ್ ಎಲ್ಲವನ್ನೂ ಹೇಳಿಕೊಂಡ. ವಿಠಲ ಪೈಪಿನ ತುಂಡೊಂದನ್ನು ತಿರುಗಿಸುತ್ತ ಕೇಳಿದ.

"ನಮ್ಮಲ್ಲಿ ಈ ರಗಳೆ ಇಲ್ಲ ಮಾರಾಯ. ಸುಡುವುದು, ಬೂದಿಯನ್ನು ಸಮುದ್ರಕ್ಕೆ ಬಿಡುವುದು. ನನ್ನ ಹೆಂಡತಿ ಬೇಬಿಯನ್ನು ಕೇಳಿದರೆ, ಈಗಲೇ ಬೇರೆ ಕೋಣೆ ಸಾಕು ಅಂತಾಳೆ, ನನ್ನ ಗೊರಕೆಗೆ."

"ನಿನಗೆ ತಮಾಷೆ."

"ತಮಾಷೆ ಅಲ್ಲ. ನಿಮ್ಮ ಫಾದರ್ ಇದ್ದಾರಲ್ಲ, ಅವರನ್ನು ಕೇಳು. ಅವರು ಆಗುವುದಿಲ್ಲ ಅಂದರೆ ರೋಸಿಯಕ್ಕ ಮೀರುವವರಲ್ಲ."

ಬಸ್ಸಿನಲ್ಲಿ ಹಿಂದೆ ಬರುವಾಗ ಆ ಮಾತು ಕ್ಲಾರೆನ್ಸ್‌ನ ಒಳಗೆ ತಾನಾಗಿ ಬೆಳೆಯಿತು. ಇವತ್ತು ಗುರುವಾರ. ಕೂಟ ಈ ಸಲ ವಾರ್ಡಿನ ಸೆಲೀನಳ ಮನೆಯಲ್ಲಿ. ತಿಂಗಳಿಗೊಮ್ಮೆ ಬರುವ ಫಾದರ್ ಆಲ್ವಿನ್ ಇವತ್ತೇ ಬರುವವರು. ಫಾದರನ್ನು ಒಬ್ಬರೇ ಇರುವಾಗ ಕೇಳಬೇಕಾಗಿಲ್ಲ. ಎಲ್ಲರ ಎದುರು, ಸುಮ್ಮನೆ ಒಂದು ಸಂಶಯವೆಂಬಂತೆ ಕೇಳಿದರೆ ಸಾಕು. ಹೆಂಗಸರೇ ಬಾಯಿಗೆ ಕೈ ಇಟ್ಟುಕೊಂಡು ಬೇಡವೆನ್ನುತ್ತಾರೆ. ತಾನು ಏನೂ ಹೇಳಬೇಕಾಗುವುದಿಲ್ಲ.

ಸೆಲೀನಳ ಹಾಲಿನಲ್ಲಿ ಸಂಜೆಯ ಬಿಸಿಲು ಇನ್ನೂ ಇತ್ತು. ರೋಸಿ ಅಂದಿನ ಭಾಗವನ್ನು ಓದಿ, ಎಂದಿನಂತೆ ಪುಸ್ತಕವನ್ನು ಮಡಿಲಲ್ಲಿಟ್ಟು ತನ್ನ ಮಾತಿನಲ್ಲಿ ಹೇಳತೊಡಗಿದಳು. ಸತ್ತವರು ಎದ್ದು ಬರುತ್ತಾರೆ ಎಂಬುದನ್ನು ನಂಬದ ಕೆಲವರು ಪ್ರಭುವಿನ ಹತ್ತಿರ ಬಂದು ಒಂದು ಪ್ರಶ್ನೆ ಕೇಳುತ್ತಾರೆ. ಏಳು ಮಂದಿ ಅಣ್ಣತಮ್ಮಂದಿರು. ಹಿರಿಯವನು ಮಕ್ಕಳಿಲ್ಲದೆ ಸಾಯುತ್ತಾನೆ; ಅವರ ಪದ್ಧತಿಯಂತೆ ಎರಡನೆಯವನು ಅವನ ಹೆಂಡತಿಯನ್ನು ಮದುವೆಯಾಗುತ್ತಾನೆ; ಹೀಗೆ ಏಳೂ ಮಂದಿ ಮುಗಿದು ಕೊನೆಗೆ ಅವಳೂ ಸಾಯುತ್ತಾಳೆ. ಹಾಗಾದರೆ ಎದ್ದು ಬಂದಾಗ ಅವಳು ಯಾರ ಹೆಂಡತಿ? ಉತ್ತರ: ಅಲ್ಲಿ ಮದುವೆಯೂ ಇಲ್ಲ, ಗಂಡ ಹೆಂಡತಿ ಎಂಬುದೂ ಇಲ್ಲ.

ಬಾಗಿಲ ಬಳಿಯ ಕುರ್ಚಿಯಲ್ಲಿ ಕ್ಲಾರೆನ್ಸ್‌ಗೆ ಕಿವಿ ಬಿಸಿಯಾಯಿತು. ಈ ಮಾತನ್ನು ಅವನು ಎಷ್ಟೋ ಸಲ ಕೇಳಿದ್ದ. ಇವತ್ತು ಮಾತ್ರ ಯಾರೋ ತನ್ನ ಮೈಮೇಲೆ ಕೈಯಿಟ್ಟು ಪಕ್ಕಕ್ಕೆ ಸರಿಸಿದಂತಾಯಿತು. ಅಂದರೆ ಅವಳು ತನ್ನ ಪಕ್ಕ ಮಣ್ಣಿನಲ್ಲೂ ಇಲ್ಲ, ಅಲ್ಲಿಯೂ ಇಲ್ಲ. ರೋಸಿ ಇದನ್ನೇ ಬೇಕೆಂದು ಆರಿಸಿದ್ದಾಳೆ ಎಂಬ ಸಂಶಯ ಹುಟ್ಟಿತು. ಹಾಗೇನೂ ಆಗಿರಲಿಲ್ಲ, ಆ ವಾರದ ಸರದಿಯ ಓದು ಅದೇ ಆಗಿತ್ತು. ಆದರೆ ಅವನು ಅಷ್ಟರಲ್ಲಿ ಎದ್ದು ನಿಂತಿದ್ದ. ಕೂಟದಲ್ಲಿ ಅವನು ಮಾತಾಡಲು ಎದ್ದದ್ದು ಅದೇ ಮೊದಲು. ಎಲ್ಲರೂ ತಿರುಗಿದರು.

"ಫಾದರ್, ಒಂದು ಸಂಶಯ ಉಂಟು. ದೇಹವನ್ನು ಮಣ್ಣಿಗಿಡದೆ ಆಸ್ಪತ್ರೆಯವರಿಗೆ ಕೊಯ್ಯಲಿಕ್ಕೆ ಕೊಟ್ಟರೆ, ಅವರು ಎದ್ದು ಬರುವುದು ಹೇಗೆ?"

ಫಾದರ್ ಆಲ್ವಿನ್ ಉತ್ತರಿಸುವ ಮೊದಲೇ ಸೆಲೀನ್ ಕೇಳಿದಳು: "ಯಾರು ಕೊಡುವುದು?"

"ರೋಸಿ" ಎಂದ ಕ್ಲಾರೆನ್ಸ್.

ಆಮೇಲೆ ಸೆಲೀನ್ ಮೆಲ್ಲಗೆ, ನಿಜವಾದ ಮರುಕದಿಂದಲೇ ಹೇಳಿದಳು: "ಬೇಡ ರೋಸಿ. ಆ ಹುಡುಗರ ಎದುರು, ಮೈಮೇಲೆ ಒಂದು ತುಂಡು ಬಟ್ಟೆಯಿಲ್ಲದೆ." ಗಂಡಸರು ನೆಲ ನೋಡಿದರು. ಹೆಂಗಸರು ರೋಸಿಯನ್ನು ನೋಡಿದರು, ನೋಡಿ ಕಣ್ಣು ಬೇರೆಡೆಗೆ ಹೊರಳಿಸಿದರು. ರೋಸಿ ಎಡಗೈಯಿಂದ ಸೀರೆಯ ಸೆರಗನ್ನು ಹೆಗಲ ಮೇಲೆ ಸರಿಯಾಗಿ ಎಳೆದುಕೊಂಡಳು. ಆ ಕೈಯನ್ನು ಕಂಡದ್ದೇ ಕ್ಲಾರೆನ್ಸ್‌ಗೆ ತಾನು ಮಾಡಿದ್ದೇನೆಂದು ತಿಳಿಯಿತು. ಯಾವ ವಿದ್ಯಾರ್ಥಿಗಿಂತಲೂ ಮೊದಲು, ಅವಳು ಬದುಕಿ ಕೂತಿರುವಾಗಲೇ, ಅವಳ ಮೈಯನ್ನು ತಾನು ಈ ಹಾಲಿನ ನಡುವೆ ತಂದು ಮಲಗಿಸಿದ್ದ. ಅವಳು ಕೈಮುಗಿಯುವವರಿಗೆ ಕೊಡಬೇಕೆಂದಿದ್ದಳು. ಇಲ್ಲಿ ಯಾರೂ ಕೈಮುಗಿದಿರಲಿಲ್ಲ.

ರೋಸಿಯ ದನಿ ಎಂದಿನಂತೆಯೇ ಇತ್ತು. "ನನ್ನ ದೊಡ್ಡ ಮಾವ ಹಡಗಿನಲ್ಲಿ ಕೆಲಸಕ್ಕಿದ್ದರು. ಅಲ್ಲಿಯೇ ತೀರಿಕೊಂಡರು, ನಡುಸಮುದ್ರದಲ್ಲಿ ನೀರಿಗೆ ಬಿಟ್ಟರಂತೆ. ನವೆಂಬರಿನಲ್ಲಿ ಎಲ್ಲರೂ ಅವರವರ ಸಮಾಧಿಯ ಮೇಲೆ ಕ್ಯಾಂಡಲ್ ಹಚ್ಚುವಾಗ ಅಜ್ಜಿ ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ನಿಲ್ಲುತ್ತಿದ್ದಳು. ಒಂದು ವರ್ಷ, ಯಾರೂ ದಿಕ್ಕಿಲ್ಲದ ಒಂದು ಸಮಾಧಿಯ ಮೇಲೆ ಹಚ್ಚಿದಳು. ಆಮೇಲೆ ಪ್ರತಿ ವರ್ಷ ಅಲ್ಲಿಗೇ. ಮಾವನನ್ನು ಮೀನು ತಿಂದಿರಬೇಕು, ಆ ಮೀನನ್ನು ಯಾರೋ ತಿಂದಿರಬೇಕು. ಅವರನ್ನು ಹುಡುಕಿ ಎಬ್ಬಿಸಲಿಕ್ಕೆ ದೇವರಿಗೆ ಆಗುವುದಾದರೆ, ಮಣಿಪಾಲ ಎಷ್ಟು ದೂರ?"

ಯಾರೋ ನಕ್ಕರು, ನಕ್ಕದ್ದಕ್ಕೆ ನಾಚಿ ಕೆಮ್ಮಿದರು. ಇಗರ್ಜಿಯಿಂದ ಅಡ್ಡಿಯಿಲ್ಲವೆಂದೂ, ದೇಹಕ್ಕೆ ಗೌರವ ಸಲ್ಲಬೇಕು ಅಷ್ಟೇ ಎಂದೂ ಫಾದರ್ ಆಲ್ವಿನ್ ಹೇಳಿದರು. ಅವರಿನ್ನೂ ಚಿಕ್ಕ ಪ್ರಾಯದವರು, ಆದರೂ ನಿಂತೇ ಇದ್ದ ಕ್ಲಾರೆನ್ಸ್‌ನನ್ನು ಒಂದು ಗಳಿಗೆ ನೋಡಿ ಕೇಳಿದರು: "ಕ್ಲಾರೆನ್ಸ್‌ಬಾಬ್, ನಿಮ್ಮ ಸಂಶಯ ಪುನರುತ್ಥಾನದ್ದೇನಾ?"

ಅಲ್ಲ ಎನ್ನಲು ಅವನಿಗೆ ಧೈರ್ಯವಾಗಲಿಲ್ಲ. ಹೌದು ಎಂದರೆ ಸುಳ್ಳಾಗುತ್ತಿತ್ತು. "ಹಾಗೆ ಕೇಳಿದ್ದು ಫಾದರ್" ಎಂದು ಕೂತ.

ಮನೆಗೆ ಬರುವ ದಾರಿಯಲ್ಲಿ ಅವಳು ಎರಡು ಹೆಜ್ಜೆ ಮುಂದೆ ನಡೆಯುತ್ತಿದ್ದಳು. ಕೋಪದಿಂದಲ್ಲ, ಆ ದಾರಿಯಲ್ಲಿ ಅವಳು ಒಬ್ಬಳೇ ನಡೆದು ಅಭ್ಯಾಸ. ಮಗುವನ್ನು ಸೊಂಟದಲ್ಲಿ ಹೊತ್ತು, ಗ್ಯಾಸಿನ ಚೀಟಿ ಹಿಡಿದು, ಅವನ ಅಮ್ಮನ ಮದ್ದು ಹಿಡಿದು ನಡೆದ ದಾರಿ. ತಿರುವಿನಲ್ಲಿ ನಿಂತಳು.

"ಫಾದರನ್ನು ಕೇಳಿದ್ದು ತಪ್ಪಲ್ಲ. ಮೊದಲು ನನ್ನ ಹತ್ತಿರ ಹೇಳಬಹುದಿತ್ತು."

"ಎಂತ ಹೇಳುವುದು?"

"ನಿಮಗೆ ಯಾಕೆ ಬೇಡ ಅಂತ."

ಅವನು ರಸ್ತೆಯನ್ನು ನೋಡಿದ. ಗ್ರಂಥದ ಗುಹೆ, ಮೂಳೆ, ಆಣೆ ಎಲ್ಲವೂ ತಲೆಯಲ್ಲಿ ಸಾಲಾಗಿ ಬಂದು, ಒಂದೊಂದಾಗಿ ಉಪಯೋಗವಿಲ್ಲದೆ ಹಿಂದೆ ಹೋದವು. ಉಳಿದದ್ದನ್ನು ಹೇಳಿದ. "ಅಷ್ಟು ವರ್ಷ ಅಲ್ಲಿ ಒಬ್ಬನೇ ಇದ್ದೆ. ಕೊನೆಗಾದರೂ ನಿನ್ನ ಪಕ್ಕ ಇರ್ತೇನೆ ಅಂತ ಲೆಕ್ಕ ಹಾಕಿದ್ದೆ. ನೀನು ಅದನ್ನೂ ಬೇರೆಯವರಿಗೆ ಕೊಟ್ಟೆ."

ರೋಸಿ ಎರಡು ಹೆಜ್ಜೆ ಹಿಂದೆ ಬಂದು ಅವನೆದುರು ನಿಂತಳು. ಇಂಥದೊಂದು ಕಾರಣವಿರಬಹುದೆಂದು ಅವಳು ಎಣಿಸಿರಲಿಲ್ಲ. ಊರವರು ಏನೆಂದಾರು ಎಂಬ ಹೆದರಿಕೆಯೆಂದೇ ತಿಳಿದಿದ್ದಳು. "ಮಣ್ಣಿನೊಳಗೆ ಎಷ್ಟು ಹತ್ತಿರ ಮಲಗಿದರೂ ಮಾತಾಡಲಿಕ್ಕೆ ಆಗುವುದಿಲ್ಲ" ಎಂದಳು. "ನೀವು ಊರಿಗೆ ಬಂದು ಎಷ್ಟು ವರ್ಷ ಆಯಿತು? ಊಟ ಮಾಡ್ತೀರಿ, ಟಿವಿ ಎದುರು ಕೂತುಕೊಳ್ತೀರಿ. ಕೂಟದಲ್ಲಿ ಬಾಗಿಲ ಹತ್ತಿರ ಕೂತುಕೊಳ್ತೀರಿ, ಈಗಲೋ ಆಗಲೋ ಎದ್ದು ಹೋಗುವವರ ಹಾಗೆ. ನನ್ನ ಪಕ್ಕದ ಜಾಗ ಖಾಲಿಯೇ ಉಂಟು. ಅದು ಸತ್ತ ಮೇಲೆ ಸಿಗುವುದಲ್ಲ."

ಅವನಿಗೆ ಅವಮಾನವಾಗಬೇಕಿತ್ತು. ಆಗಲಿಲ್ಲ. ಬೇಕಾದ ವಾಕ್ಯವನ್ನು ಯಾರೋ ಕೊನೆಗೂ ಎರಡನೆಯ ಅರ್ಥಕ್ಕೆ ಎಡೆಯಿಲ್ಲದ ಹಾಗೆ ಹೇಳಿದಂತಿತ್ತು. ಅದು ಅವನ ಪರವಾಗಿರಲಿಲ್ಲ ಅಷ್ಟೆ.

ಮರುದಿನದಿಂದ ಅವನು ಮತ್ತೆ ಓದಿದ. ಈಗ ಟಿಕೇಟು ಸಿಕ್ಕಿಸಲಿಲ್ಲ, ಏನನ್ನೂ ಹುಡುಕಲಿಲ್ಲ. ಏಳು ಮಂದಿಯ ಕಥೆಯನ್ನು ಮಾತ್ರ ತಿರುತಿರುಗಿ ಓದಿದ. ಅದರಲ್ಲಿ ಏನೋ ಒಂದು ಕಾಲಿಗೆ ಚುಚ್ಚಿದ ಮುಳ್ಳಿನಂತೆ ಉಳಿದಿತ್ತು, ಹೊರಗೆ ಕಾಣುತ್ತಿರಲಿಲ್ಲ. ಕೇಳಿದವರು ಗಂಡಸರು. ಸತ್ತವರು ಏಳು ಮಂದಿ ಗಂಡಸರು. ವಾದ ಅವರವರಲ್ಲಿ. ಒಂದು ಬೆಳಿಗ್ಗೆ ರೋಸಿ ಕಾವಲಿಯ ಮೇಲೆ ನೀರುದೋಸೆ ಹೊಯ್ಯುತ್ತಿದ್ದಾಗ ಅವನು ಅಡುಗೆಮನೆಗೇ ಹೋಗಿ, ಅವಳ ಪಕ್ಕದ ಸ್ಟೂಲಿನ ಮೇಲೆ ಕೂತು ಹೇಳಿದ.

"ಅವಳು ಯಾರ ಹೆಂಡತಿ ಅಂತ ಎಲ್ಲರೂ ಕೇಳಿದರು. ನಿನಗೆ ಎಂತ ಬೇಕು ಅಂತ ಅವಳನ್ನು ಒಬ್ಬರೂ ಕೇಳಲಿಲ್ಲ. ಗೋಣಿಚೀಲದ ಹಾಗೆ ಅವಳನ್ನು ಕೈಯಿಂದ ಕೈಗೆ ದಾಟಿಸಿದರು. ಅಲ್ಲಿ ಮದುವೆ ಇಲ್ಲ ಅಂತ ಪ್ರಭು ಹೇಳಿದ್ದು ಅವಳಿಗೇ ಇರಬೇಕು. ಅವಳನ್ನು ಬಿಡಿಸಲಿಕ್ಕೆ."

ದೋಸೆಯ ಅಂಚು ಏಳುತ್ತಿತ್ತು. ರೋಸಿ ಅದನ್ನು ಮಡಚಲು ಮರೆತು ನಿಂತಳು. ಎಷ್ಟೋ ವರ್ಷ ಆ ಭಾಗವನ್ನು ಓದಿ ವಿವರಿಸಿದವಳು ಅವಳು. "ಇದು ನನಗೆ ಹೊಳೆದಿರಲಿಲ್ಲ" ಎಂದಳು. ಅವಳು ಸುಮ್ಮನೆ ಹೊಗಳುವವಳಲ್ಲ. ಅಷ್ಟು ವಯಸ್ಸಿನ ಕ್ಲಾರೆನ್ಸ್‌ನ ಕತ್ತಿನ ಹಿಂಭಾಗ ಹಿತವಾಗಿ ಬೆಚ್ಚಗಾಯಿತು. ಸ್ವಲ್ಪ ಸೀದ ಆ ದೋಸೆಯನ್ನು ಅವನೇ ತಿಂದ.

ಮುಂದಿನ ಗುರುವಾರ ಅವನು ಬಾಗಿಲ ಬಳಿ ಕೂರಲಿಲ್ಲ. ಹೆಂಗಸರ ಸಾಲಿನಲ್ಲಿ ರೋಸಿಯ ಬದಿಗೆ ಕುರ್ಚಿ ಎಳೆದುಕೊಂಡಾಗ ಸೆಲೀನ್ ಹುಬ್ಬೇರಿಸಿದಳು. ಓದು ಶುರುವಾಗುವ ಮೊದಲು ಅವನು ಕೂತಲ್ಲಿಂದಲೇ ಹೇಳಿದ: "ಹೋದ ವಾರ ನಾನು ಮಾತಾಡಿದ್ದು ಸರಿಯಾಗಲಿಲ್ಲ. ಅದು ಅವಳು ಹೇಳಬೇಕಾದ ವಿಷಯ, ನಾನು ಹೇಳಿದೆ." ಆಮೇಲೆ ಏಳು ಮಂದಿಯ ಬಗ್ಗೆ ತನಗೆ ತೋಚಿದ್ದನ್ನು, ಒಮ್ಮೆ ತಡವರಿಸಿ, ಮತ್ತೆ ತಡವರಿಸದೆ ಹೇಳಿದ. ಮನೆಯಲ್ಲಿ ಆಸ್ತಿಯ ಭಾಗದ ಮಾತು ನಡೆಯುತ್ತಿದ್ದ ಒಬ್ಬಳು ವಿಧವೆ, ಯಾವತ್ತೂ ಬಾಯಿ ತೆರೆಯದವಳು, ಆ ದಿನ ಬಾಯಿ ತೆರೆದಳು. ತನ್ನನ್ನೂ ಯಾರೂ ಕೇಳಿಲ್ಲವೆಂದಳು. ಕೂಟ ಹೊತ್ತು ಮೀರಿ ನಡೆಯಿತು. ಫ್ಯಾನಿನ ಸ್ವಿಚ್ಚು ಆರಿಸಿದವರು ಬೇರೆ ಯಾರೋ.

ಮಣಿಪಾಲಕ್ಕೆ ಅವರು ಹೋದದ್ದು ಅದರ ನಂತರ, ಮಳೆ ಬಿಟ್ಟು ಹೊಳವಾಗಿದ್ದ ಒಂದು ದಿನ. ಡಿಂಪಲ್ ಗೇಟಿನ ಬಳಿ ಕಾದಿದ್ದು, ಕಚೇರಿಯವರೆಗೆ ಕರೆದುಕೊಂಡು ಹೋಗಿ ಕ್ಲಾಸಿಗೆ ಓಡಿದಳು. ಮೇಜಿನ ಹಿಂದೆ ಕೂತಿದ್ದ ಹೆಣ್ಣುಮಗಳು ಸಮಾಧಾನದವಳು. ಎಲ್ಲವನ್ನೂ ನಿಧಾನವಾಗಿ ವಿವರಿಸಿದಳು. ಆಮೇಲೆ, ಮನೆಯ ಗಂಡಸರನ್ನು ಕೇಳುವ ರೂಢಿಯಂತೆ, ಕ್ಲಾರೆನ್ಸ್‌ನ ಕಡೆ ತಿರುಗಿ, "ಇವರು ಸ್ವಂತ ಇಚ್ಛೆಯಿಂದ ಕೊಡುವುದಲ್ವಾ ಅಂಕಲ್?" ಎಂದಳು.

"ಅವಳು ಇಲ್ಲಿಯೇ ಇದ್ದಾಳಲ್ಲ" ಎಂದ ಕ್ಲಾರೆನ್ಸ್. "ಅವಳನ್ನೇ ಕೇಳಿ."

ರೋಸಿ ಹೌದೆಂದಳು. ಸಹಿ ಮಾಡಿದಳು. ಅವನು ಅವಳ ಸಹಿಯ ಕೆಳಗೆ ಒತ್ತಿ, ಅಕ್ಷರ ಅಕ್ಷರವಾಗಿ ತನ್ನ ಹೆಸರು ಬರೆದ.

"ನೀವು ಅಂಕಲ್?" ಎಂದು ಆ ಹೆಣ್ಣುಮಗಳು ನಗುತ್ತ ಕೇಳಿದಳು.

"ಇಲ್ಲ. ನಾನು ಮಣ್ಣಿಗೇ" ಎಂದ. ಹೇಳುವಾಗ ಅವನಿಗೆ ಸಣ್ಣತನವೆನಿಸಲಿಲ್ಲ. ಅದು ಅವನ ದೇಹ, ಅದರ ಆಸೆ ಅವನಿಗೆ ಗೊತ್ತಿತ್ತು. ಅವಳದು ಅವಳಿಗೆ ಗೊತ್ತಿದ್ದ ಹಾಗೆ.

ಇಳಿಜಾರಿನ ರಸ್ತೆಯಲ್ಲಿ ಬಸ್ ಸ್ಟಾಪಿನ ಕಡೆ ನಡೆಯುವಾಗ ರೋಸಿ ಕೇಳಿದಳು: "ಆ ಕಲ್ಲಿನ ಕೆಳಗೆ ಒಬ್ಬರಿಗೇ ಬೇಸರ ಆಗುವುದಿಲ್ವಾ?"

"ಆಗ್ತದೆ" ಎಂದ. "ಅದು ಆಮೇಲಿನ ಮಾತು. ಈಗ ಎಂತ ತಿನ್ನುವ, ಹೇಳು."

ಉಡುಪಿಯಲ್ಲಿ ಇಳಿದು, ಸಿಟಿ ಬಸ್ ನಿಲ್ದಾಣದ ಬಳಿ ಗಲಾಟೆಯ ಒಂದು ಹೋಟೆಲಿನಲ್ಲಿ, ಗೋಡೆಯ ಬದಿಯ ಬೆಂಚಿನಲ್ಲಿ ಎದುರುಬದುರಾಗಿ ಅಲ್ಲ, ಒಂದೇ ಬದಿಯಲ್ಲಿ ಕೂತರು. ಗೋಳಿಬಜೆ ಬಂತು, ಬಿಸಿ ಇತ್ತು. ತಾನು ಬಹರೈನಿಗೆ ಹೋದ ಮೊದಲ ಮಳೆಗಾಲದಲ್ಲಿ ಅವಳು ಒಬ್ಬಳೇ ಹೇಗಿದ್ದಳೆಂದು ಕ್ಲಾರೆನ್ಸ್ ಕೇಳಿದ. 'ಅಷ್ಟು ಹಿಂದಿನದ್ದು ಈಗ ಯಾಕೆ?' ಎಂದು ರೋಸಿ ಕೇಳಲಿಲ್ಲ. ಚಟ್ನಿಯನ್ನು ತನ್ನ ಕಡೆಗೆ ಎಳೆದುಕೊಂಡು, ಮೊದಲಿನಿಂದ ಹೇಳತೊಡಗಿದಳು. ಮಾಣಿ ಬಂದು ಬೇರೆ ಎಂತ ಬೇಕು ಎಂದಾಗ, ಅವಳ ಮಾತು ನಿಲ್ಲದ ಹಾಗೆ ಕ್ಲಾರೆನ್ಸ್ ಎರಡು ಬೆರಳು ತೋರಿಸಿ ಚಹಾ ಹೇಳಿದ.